ಸಾಹೇಬರು ಹೊತ್ತ ಹೊರೆ

ಕಾರ್ತಿಕ ಕಳೆದು ಇಬ್ಬನಿ ದಟ್ಟವಾಗಿ ಬೀಳುತ್ತಿದ್ದ ದಿನಗಳು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಸುತ್ತಿನ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿಯುತ್ತ ಬಂದಿತ್ತು. ಮೇಲಿನ ಗದ್ದೆಗಳಲ್ಲಿ ಮಷಿನ್ ಇಳಿದು, ಕೊಯ್ದು, ಕಾಳು ಬೇರೆ ಮಾಡಿ, ಬಾಡಿಗೆ ಎಣಿಸಿಕೊಂಡು ಹೋಗಿಯಾಗಿತ್ತು. ಕೆಳಗಿನಕೊಪ್ಪದ ಗುಡ್ಡಮ್ಮನ ಗದ್ದೆ ಮಾತ್ರ ಹಳ್ಳದ ಬುಡದಲ್ಲಿತ್ತು. ಅಲ್ಲಿಗೆ ಮಷಿನ್ ಇಳಿಸಿದರೆ ಅದನ್ನು ಎತ್ತುವುದಕ್ಕೆ ಇನ್ನೊಂದು ಮಷಿನ್ ತರಬೇಕು. ಹಾಗಾಗಿ ಗುಡ್ಡಮ್ಮ ಇವತ್ತಿಗೂ ಕುಡುಗೋಲಿನವಳೇ.

ಕೊಯ್ದ ಪೈರು ಗದ್ದೆಯ ತುಂಬ ಒಣಗಿ ಬಿದ್ದಿತ್ತು. ಅದನ್ನು ಹೊರೆ ಕಟ್ಟಿ, ಏರಿ ದಾಟಿಸಿ, ಕಣದಲ್ಲಿ ಬಣವೆ ಒಟ್ಟಬೇಕು. ಇವತ್ತೇ ಒಟ್ಟಬೇಕು. ಮೂಡಲಿನಲ್ಲಿ ಮೋಡ ಕಟ್ಟುತ್ತಿತ್ತು. ಸಂಜೆಗೆ ಮಳೆ ಎಂದು ಸೊಸೆ ಮಾಲಾಳ ಮೊಬೈಲು ಬೆಳಿಗ್ಗೆಯಿಂದ ಹೇಳುತ್ತಲೇ ಇತ್ತು. ಒಂದು ಮಳೆ ಬಿದ್ದರೆ ನೆಲದ ಮೇಲಿನ ತೆನೆ ಮೊಳೆಯುತ್ತದೆ, ವರ್ಷದ ಅನ್ನ ದನದ ಪಾಲಾಗುತ್ತದೆ.

ಗುಡ್ಡಮ್ಮ ಇದಕ್ಕೆಲ್ಲ ಅಂಜುವವಳಲ್ಲ. ಅವಳಿಗೆ ಬರಬೇಕಾದ ಮುಯ್ಯಾಳುಗಳಿದ್ದರು. ಕೊಯ್ಲು ಶುರುವಾದಾಗಿನಿಂದ ಅತ್ತೆ ಸೊಸೆ ಇಬ್ಬರೂ ಕೇರಿಯ ಒಂದೊಂದು ಮನೆಯ ಗದ್ದೆಗೂ ಕೂಲಿಯಿಲ್ಲದೆ ಹೋಗಿ ದುಡಿದಿದ್ದರು. ಇವತ್ತು ಆ ಮನೆಗಳವರೆಲ್ಲ ಇವರ ಗದ್ದೆಗೆ ಬಂದು ಮುಯ್ಯಿ ತೀರಿಸುವ ದಿನ.

ಬಿಸಿಲು ಏರಿದರೂ ಒಬ್ಬರೂ ಬರಲಿಲ್ಲ.

"ಅಕ್ಕನಾಗಮ್ಮನ ಮನೆ ಬಾಗ್ಲು ಹಾಕಿತ್ತು ಅತ್ತೆ," ಕೇರಿಗೆ ಹೋಗಿ ಬಂದ ಮಾಲಾ ಏದುಸಿರು ಬಿಡುತ್ತ ಹೇಳಿದಳು. "ಪರಶುರಾಮಣ್ಣನ ಮನೇಲೂ ಯಾರಿಲ್ಲ. ಬೆಳಗಾಗೆದ್ದು ಎರಡು ಟೆಂಪೋ ಬಂದಿದ್ವಂತೆ. ಎಲ್ಲಾ ಶಿಕಾರಿಪುರಕ್ಕೆ ಹೋಗ್ಯಾರೆ. ಹೋಳಿಗೆ ಊಟ ಅಂತೆ."

"ಎಂತಕ್ಕೆ?"

"ಸಾಹೇಬ್ರ ಎಲೆಕ್ಷನ್ ಅಲ್ವಾ."

"ಅವ್ರಿಗೆಲ್ಲಿ ಐತೆ ಈ ಎಲೆಕ್ಷನ್ನಲ್ಲಿ ವೋಟು? ವೋಟಿರೋದು ನಂಗೆ!"

ಮಾತು ನಿಜವಾಗಿತ್ತು. ಇದು ವಿಧಾನ ಪರಿಷತ್ತಿನ ಚುನಾವಣೆ. ಊರ ಜನಕ್ಕೆ ಇದರಲ್ಲಿ ಮತವಿಲ್ಲ, ಪಂಚಾಯ್ತಿಗೋ ಪುರಸಭೆಗೋ ಆರಿಸಿ ಬಂದವರಿಗಷ್ಟೇ. ಕೆಳಗಿನಕೊಪ್ಪಕ್ಕೆಲ್ಲ ಒಬ್ಬಳೇ ಮೇಂಬರು ಗುಡ್ಡಮ್ಮ. ಆದರೆ ಬರೀ ಮೇಂಬರುಗಳನ್ನು ಕೂರಿಸಿದರೆ ಪೆಂಡಾಲು ತುಂಬುವುದಿಲ್ಲ, ಪೆಂಡಾಲು ತುಂಬದಿದ್ದರೆ ಫೋಟೋ ತುಂಬುವುದಿಲ್ಲ.

ಮಾಲಾ ಇನ್ನೂ ನಿಂತೇ ಇದ್ದಳು. "ಮಾವನೂ ಹೋಗ್ಯಾರೆ. 'ಭತ್ತ ಎಲ್ಲೂ ಓಡಿ ಹೋಗಲ್ಲ, ನಾಳೆ ಬಂದ್ರಾತು' ಅಂತ ಎಲ್ರಿಗೂ ಹೇಳಿದ್ದೇ ಅವ್ರಂತೆ."

ಗುಡ್ಡಮ್ಮನ ಗಂಡ ಚೌಡಪ್ಪ ಮೇಂಬರ ಗಂಡನಾದ ಮೇಲೆ ಬಿಳಿ ಅಂಗಿ ಹೊಲಿಸಿಕೊಂಡಿದ್ದ. ಊಟವಿರುವ ಸಭೆಗಳಿಗೆಲ್ಲ ಹೆಂಡತಿಯ ಪರವಾಗಿ ಅವನೇ ಹಾಜರಿ. ಗುಡ್ಡಮ್ಮ ಸೆರಗು ಬಿಗಿದು, ಪೈರು ತೆಕ್ಕೆಗೆ ಎಳೆದುಕೊಂಡು ಕಟ್ಟತೊಡಗಿದಳು. ಇಬ್ಬರೇ ಹೆಂಗಸರು ಕಟ್ಟಿದರೆ ಸಂಜೆಗೆ ಒಂದು ಮೂಲೆ ಮುಗಿದೀತು.

ಹೀಗಿರುವಾಗ ಏರಿಯ ಮೇಲೆ ಜೀಪು ಬಂದು ನಿಂತಿತು. ಇಳಿದವನು ಕೊಟ್ರೇಶ. ಶಿಕಾರಿಪುರದವನು, ಸಾಹೇಬರ ಬಲಗೈ. ಬೂಟು ಕೈಯಲ್ಲಿ ಹಿಡಿದು, ಪಂಚೆ ಎತ್ತಿಕಟ್ಟಿ, ಕೊಕ್ಕರೆಯ ಹಾಗೆ ಹೆಜ್ಜೆ ಇಡುತ್ತ ಬಂದ.

"ಏನ್ರೀ ಮೇಂಬರಮ್ಮ, ಇಲ್ಲೇ ಅದೀರೇನು? ಅಲ್ಲಿ ನಿಮ್ಮ ಹೆಸರಿನ ಕುರ್ಚಿ ಖಾಲಿ ಬಿದ್ದೈತಿ! ಹತ್ರಿ ಜೀಪು."

"ನಮ್ಮನೆಯವ್ರು ಬಂದಾರಲ್ಲ."

"ಬಂದಾರ್ರೀ, ಬಂದು ಮುಂದಿನ ಸಾಲಿನ್ಯಾಗ ಕುಂತಾರ. ಆದ್ರ ಬೂತಿನ ಒಳಗ ಅವರನ್ನ ಬಿಡೂದಿಲ್ಲಲ್ರೀ. ಸಾಹೇಬ್ರಿಗೆ ನೀವು ಬೇಕು."

ಗುಡ್ಡಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. "ನಿಮ್ ಟೆಂಪೋದಾಗೆ ಹೋದವ್ರೆಲ್ಲ ನಂಗೆ ಮುಯ್ಯಾಳು ಕೊಡಬೇಕಾದವ್ರು. ಅವರನ್ನ ಕರ್ಕೊಂಡು ಹೋದವ್ರು ನೀವು. ಈಗ ಆ ಮುಯ್ಯಿ ಯಾರ ತಲೆಗೆ ಬಂತು?"

ಕೊಟ್ರೇಶ ನಕ್ಕ. ಈ ತಾಲ್ಲೂಕುಗಳಲ್ಲಿ ಚುನಾವಣೆ ನಡೆಸಿ ನಡೆಸಿ ಅವನಿಗೆ ಒಂದು ನಂಬಿಕೆ ಬೇರೂರಿತ್ತು: ಯಾರೂ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. "ಆತ್ ಬಿಡ್ರಿ, ಮುಯ್ಯಾಳಿನ ಮಾತು ಆಮ್ಯಾಲೆ. ನಿಜ ಏನ್ ಬೇಕು ಹೇಳ್ರಿ. ಹಳ್ಳಕ್ಕೊಂದು ಮೋರಿ?"

"ಹೊರೆ ಕಟ್ಟೋಕೆ ಜನ."

"ಬೋರ್‌ವೆಲ್?"

"ಗದ್ದೆಗೆ ನೀರು ಹೆಚ್ಚಾಗಿ ಮಷಿನ್ ಇಳೀತಾ ಇಲ್ಲ ಮಾರಾಯ್ರೆ, ನೀವು ಬೋರು ಹಾಕಿಸ್ತೀರಾ? ಸುಮ್ನೆ ಆ ಹಗ್ಗದ ತುದಿ ಹಿಡ್ಕಳಿ. ಬಿಗೀಬೇಕು."

ಕೊಟ್ರೇಶ ಗೊತ್ತಿಲ್ಲದೆಯೇ ತುದಿ ಹಿಡಿದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕೈ ಬಿಡುವಿಲ್ಲದೆ ಸ್ಪೀಕರಿಗೆ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಜೇಬಿನೊಳಗಿಂದ ಸಾಹೇಬರು ಮಾತಾಡಿದರು.

ಸಾಹೇಬರು ಎಂದರೆ ಸದಾಶಿವಪ್ಪ. ಅಡಿಕೆ ಮಂಡಿಯ ಮನೆತನದವರು, ಹಾಲಿ ಪರಿಷತ್ ಸದಸ್ಯರು. ಈ ಕಡೆ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಗೆದ್ದ ಹಾಗೆಯೇ. ಎದುರು ಪಕ್ಷದವರು ಠೇವಣಿ ಕಟ್ಟಿ, ಮನೆಗೆ ಹೋಗಿ, ಅಡಿಕೆ ಸುಲಿಸುತ್ತ ಕೂರುತ್ತಿದ್ದರು. ಹಾಗೆಂದು ಸಾಹೇಬರಿಗೆ ನಿದ್ದೆಯೇನೂ ಇರಲಿಲ್ಲ. ಎದುರು ಪಕ್ಷ ಇಲ್ಲದ ಕಡೆ ವಿರೋಧವೆಲ್ಲ ಪಕ್ಷದ ಒಳಗೇ ಬೆಳೆಯುತ್ತದೆ. ಅದಕ್ಕೆ ಈಶ್ವರ್ ಎಂದು ಹೆಸರು. ಟಿಕೆಟ್ಟಿಗಾಗಿ ಕೊನೇ ದಿನದವರೆಗೂ ಓಡಾಡಿದವನು, ಈಗ ಸಾಹೇಬರ ಪಕ್ಕದಲ್ಲೇ ಹಾರ ಹಾಕಿಸಿಕೊಂಡು ನಿಲ್ಲುತ್ತಿದ್ದ. ಶಿಕಾರಿಪುರ, ಸೊರಬ ಎರಡರಿಂದಲೂ ಒಂದು ವೋಟೂ ಆಚೆ ಹೋಗದಂತೆ ನೋಡಿಕೊಳ್ಳುತ್ತೇನೆಂದು ಸಾಹೇಬರು ಬೆಂಗಳೂರಿನಲ್ಲಿ ಮಾತು ಕೊಟ್ಟು ಟಿಕೆಟ್ ತಂದಿದ್ದರು.

"ಕೊಟ್ರೇಶೀ, ಆ ಈಶ್ವರ ಖಾಲಿ ಕುರ್ಚಿ ಫೋಟೋ ಹೊಡದು ಗ್ರೂಪಿಗೆ ಹಾಕ್ಯಾನಲೇ! ಸೊರಬದ ಕಡೆ ಬಂಡಾಯ ಅಂತ ಬರದಾನ! ಆ ತಾಯಿಗೆ ಏನ್ ಬೇಕಂತ ಕೇಳಿದೇನು?"

"ಹೊರೆ ಕಟ್ಟಾಕ ಜನ ಬೇಕಂತ್ರೀ."

ಜೇಬು ಕೇಳಿತು, "ಹಂಗಂದ್ರ ಏನರ್ಥ?"

"ಹೊರೆ ಕಟ್ಟಾಕ ಜನ ಅಂತನ ಅರ್ಥ್ರೀ."

"ಅಧ್ಯಕ್ಷಗಿರಿ ಕೇಳಾಕತ್ತಾರೇನು? ಫೋನಿನ್ಯಾಗ ಬ್ಯಾಡ, ನೀತಿ ಸಂಹಿತೆ ಐತಿ. ಅವರ ಹಿಂದ ಯಾರದಾರ ನೋಡು."

ಕೊಟ್ರೇಶ ಗುಡ್ಡಮ್ಮನ ಹಿಂದೆ ನೋಡಿದ. ಹಿಂದೆ ಮಾಲಾ ಇದ್ದಳು, ಅವಳ ಹಿಂದೆ ಒಂದು ಎಮ್ಮೆ ಇತ್ತು.

ಮಾಲಾಳ ಮೊಬೈಲಿಗೂ ಆ ಫೋಟೋ ಬಂದಿತ್ತು. 'ಶ್ರೀಮತಿ ಗುಡ್ಡಮ್ಮ, ಸದಸ್ಯರು' ಎಂಬ ಚೀಟಿ ಅಂಟಿಸಿದ ಖಾಲಿ ಕುರ್ಚಿ. ಅದರ ಪಕ್ಕದ ಕುರ್ಚಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿರುವ ಚೌಡಪ್ಪ. ಗುಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಎರಡನೇ ಹೋಳಿಗೆ ಅದು," ಎಂದು ಮೊಬೈಲು ವಾಪಸು ಕೊಟ್ಟು ಬಾಗಿದಳು.

ಹೊತ್ತು ವಾಲಿತು. ಮೋಡ ಮೂಡಲಿನಿಂದ ನಡುನೆತ್ತಿಗೆ ಬಂತು. ಗಾಳಿಯಲ್ಲಿ ತಂಪು ಸೇರಿತು. ಅತ್ತೆ ಸೊಸೆ ಇಬ್ಬರೂ ಮಾತು ಬಿಟ್ಟು ಕಟ್ಟುತ್ತಿದ್ದರು; ಕೊಟ್ರೇಶ, ಮೇಂಬರಮ್ಮನನ್ನು ಬಿಟ್ಟು ಬಂದರೆ ಜೋಕೆ ಎಂದು ಅಪ್ಪಣೆಯಾಗಿದ್ದರಿಂದ, ಅಲ್ಲೇ ತುದಿ ಹಿಡಿಯುತ್ತಿದ್ದ. ಗದ್ದೆಯ ಮುಕ್ಕಾಲು ಭಾಗ ಇನ್ನೂ ಹಾಗೇ ಹಾಸಿಕೊಂಡು ಬಿದ್ದಿತ್ತು. ಗುಡ್ಡಮ್ಮ ಆ ಕಡೆ ನೋಡುವುದನ್ನೇ ಬಿಟ್ಟಳು.

ಆಗ ಏರಿಯ ಆಚೆ ಹಾರನ್ನು ಕೇಳಿಸಿತು. ಮುಂದೆ ಸಾಹೇಬರ ಬಿಳಿ ಕಾರು, ಹಿಂದೆ ಈಶ್ವರನ ಕಾರು, ಅದರ ಹಿಂದೆ ಎರಡೂ ಟೆಂಪೋ. ಬಂಡಾಯ ಅಡಗಿಸಲು ಸಾಹೇಬರೇ ಹೊರಟರೆಂದು ತಿಳಿದು ಪೆಂಡಾಲಿಗೆ ಪೆಂಡಾಲೇ ಎದ್ದು ಬಂದಿತ್ತು. ಟೆಂಪೋದಿಂದ ಅಕ್ಕನಾಗಮ್ಮ ಎಲ್ಲರಿಗಿಂತ ಮುಂಚೆ ಇಳಿದು, ಗುಡ್ಡಮ್ಮನ ಮುಖ ನೋಡದೆ ಓಡಿ ಬಂದು ಪೈರು ತಬ್ಬಿದಳು.

"ನಿನ್ ಗಂಡನೇ ಹೇಳಿದ್ದು ಕಣೇ, ನಾಳೆ ಅಂತ."

"ನನ್ ಗಂಡ ಹೇಳಿದ್ರೆ ಮೋಡ ಕೇಳ್ತದಾ?"

ಚೌಡಪ್ಪ ಎಲ್ಲರಿಗಿಂತ ಹಿಂದೆ ಇಳಿದು, ಬಿಳಿ ಅಂಗಿ ಕಳಚಿ ಬೇಲಿಗೆ ಹಾಕಿ, ಹೆಂಡತಿಗೆ ದೂರವಾಗುವ ಹಾಗೆ ಗದ್ದೆಯ ಆಚೆ ತುದಿಯಿಂದ ಶುರು ಮಾಡಿದ.

ಸಾಹೇಬರು ಬದುವಿನ ಮೇಲೆ ನಿಂತು ಕೈ ಮುಗಿದರು. "ತಾಯೀ, ನಡುವ ಯಾರೂ ಬ್ಯಾಡ. ನಾನೇ ಬಂದೀನಿ. ಈಗರ ಹೇಳ್ರಿ, ಏನು ಬೇಸರ?"

"ಬೇಸರ ಎಂತದೂ ಇಲ್ಲ ಸಾಹೇಬ್ರೆ. ಮಳೆ ಬರ್ತದೆ. ಹೊರೆ ಎತ್ರಿ."

ಫೋಟೋದವನು ಮುಂದೆ ಬಂದ. ಸಾಹೇಬರಿಗೆ ಹೊಳೆಯಿತು. ಹೆಗಲ ಮೇಲಿನ ಶಲ್ಯವನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡರು. ಸುತ್ತಿದ ರೀತಿ ನೋಡಿಯೇ ಗುಡ್ಡಮ್ಮನಿಗೆ ಗೊತ್ತಾಯಿತು, ಈತ ಹುಡುಗನಾಗಿದ್ದಾಗ ಹೊತ್ತವನೇ. ಹೊರೆ ಎತ್ತಿಕೊಟ್ಟಳು. ಸಾಹೇಬರು ಒಂದು ಸಲ ತೂಗಾಡಿದರು, ಆಮೇಲೆ ಬದುವಿನ ಮೇಲೆ ಹೆಜ್ಜೆ ಹುಡುಕಿಕೊಂಡು ನಡೆದರು. "ಸಾಹೇಬ್ರಿಗೆ ಜೈ!" ಎಂದು ಯಾರೋ ಕೂಗಿದರು.

"ಜೈ ಆಮೇಲೆ ಅಂದ್ರಾತು, ದಾರಿ ಬಿಡಿ!" ಎಂದಳು ಗುಡ್ಡಮ್ಮ.

ಒಂದು ಹೊರೆ, ಒಂದು ಫೋಟೋ ಎಂದು ಲೆಕ್ಕವಿತ್ತು. ಆದರೆ ಸಾಹೇಬರು ಕಣದಿಂದ ತಿರುಗಿ ಬರುವಷ್ಟರಲ್ಲಿ ಈಶ್ವರ್ ಎರಡು ಹೊರೆ ಒಟ್ಟಿಗೆ ಹೊತ್ತು ಫೋಟೋದವನ ಮುಂದೆ ನಿಂತಿದ್ದ. ಸಾಹೇಬರ ಮುಖ ಕೆಂಪಾಯಿತು. "ಹೊರಸ್ರಿ ತಾಯಿ," ಎಂದು ಮತ್ತೆ ತಲೆ ಕೊಟ್ಟರು. ಸಾಹೇಬರ ಕಡೆಯವರು ಸುಮ್ಮನೆ ನಿಲ್ಲುವಂತಿರಲಿಲ್ಲ, ಈಶ್ವರನ ಕಡೆಯವರಂತೂ ಮೊದಲೇ ನಿಲ್ಲುವವರಲ್ಲ. ತಾಲ್ಲೂಕು ಕಮಿಟಿ, ಯುವ ಘಟಕ, ಯಾವ ಘಟಕದವರೆಂದು ಅವರಿಗೇ ನೆನಪಿಲ್ಲದವರು, ಎಲ್ಲ ಇಸ್ತ್ರಿ ಅಂಗಿಯವರೂ ಕೆಸರಿಗೆ ಇಳಿದರು. ಬದುವಿನ ಮೇಲೆ ಹೊರೆಗಳು ಒಂದನ್ನೊಂದು ಹಿಂದಿಕ್ಕಿ ಓಡಿದವು. ಯುವ ಘಟಕದವನೊಬ್ಬ ಜಾರಿ ಬಿದ್ದು ಎದ್ದು, ಅದೇ ವೇಗದಲ್ಲಿ ಈಶ್ವರನನ್ನು ದಾಟಿದ. ಗುಡ್ಡಮ್ಮ ಬಣವೆಯ ಮೇಲೆ ನಿಂತು, "ತೆನೆ ಒಳಗೆ, ಬುಡ ಹೊರಗೆ! ತೆನೆ ಒಳಗೆ!" ಎಂದು ಕೂಗುತ್ತ, ಬಂದ ಹೊರೆಗಳನ್ನು ತಿರುಗಿಸಿ ಇಡುತ್ತಿದ್ದಳು. ಆ ಸಂಜೆ ಎರಡು ತಾಲ್ಲೂಕಿನ ಪಕ್ಷ ಅವಳೊಬ್ಬಳ ಮಾತು ಕೇಳುತ್ತಿತ್ತು.

ತಾಡಪಾಲು ಎಳೆದು ಹಗ್ಗ ಬಿಗಿಯುವಾಗ ಮೊದಲ ಹನಿ ಬಿತ್ತು. ಗುಡ್ಡಮ್ಮ ಬಣವೆಗೆ ಒರಗಿ ನಿಂತು, ಬಹಳ ಹೊತ್ತಿನ ಮೇಲೆ ಪೂರಾ ಉಸಿರು ಬಿಟ್ಟಳು.

ಸಾಹೇಬರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾರು ಹತ್ತುವಾಗ ನಗಾಡಿದರು. "ತಾಯೀ, ಮುಯ್ಯಾಳು ಬಂದು ಹೋದ್ವಿ. ನಾಡಿದ್ದು ಬೂತಿನ್ಯಾಗ ತೀರಿಸಿಬಿಡ್ರಿ ಮತ್ತ."

ಗುಡ್ಡಮ್ಮನಿಗೆ ಅದು ಸರಿ ಬರಲಿಲ್ಲ. "ಅದು ಹೆಂಗಾಗ್ತದೆ? ವೋಟು ಬೇರೆ. ಮೈ ಬಗ್ಗಿಸಿದ್ದಕ್ಕೆ ಮೈ ಬಗ್ಗಿಸೇ ತೀರಿಸ್ಬೇಕು. ನಿಮ್ ಗದ್ದೆ ಎಲ್ಲೈತೆ ಹೇಳಿ, ಬರ್ತೀವಿ."

"ಗದ್ದೆ ಎಲ್ಲೈತ್ರೀ ಈಗ? ಎಲ್ಲಾ ಸೈಟ್ ಆಗ್ಯಾವ," ಎಂದು ಸಾಹೇಬರು ಬಾಗಿಲು ಹಾಕಿಕೊಂಡರು. ಬಂಡಾಯ ಇನ್ನೂ ಪೂರ್ತಿ ಅಡಗಿಲ್ಲವೆಂದೇ ಅವರಿಗೆ ದಾರಿಯುದ್ದಕ್ಕೂ ಅನ್ನಿಸಿತಂತೆ.

ಮತದಾನದ ದಿನ ಗುಡ್ಡಮ್ಮ ಬೂತಿನವರು ಕೊಟ್ಟ ಪೆನ್ನಿನಿಂದ ಸಾಹೇಬರ ಹೆಸರಿನ ಮುಂದೆ, ಮೊದಲ ಆಯ್ಕೆ ಎಂಬ ಲೆಕ್ಕಕ್ಕೆ, ಒಂದು ಎಂದು ಬರೆದು ಬಂದಳು. ಮೊದಲಿನಿಂದಲೂ ಅವಳು ಹಾಕಬೇಕೆಂದಿದ್ದುದು ಅವರಿಗೇ. ಎದುರಿಗೆ ನಿಂತವರು ಯಾರೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸಾಹೇಬರು ಎಂದಿನಂತೆ ಗೆದ್ದರು.

ಹಾರ ತುರಾಯಿ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಗುಡ್ಡಮ್ಮ ಮಾಲಾಳನ್ನು ಕರೆದುಕೊಂಡು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದಳು. ಸಾಹೇಬರ ಮನೆಯ ಮುಂದೆ ಅರ್ಜಿ ಹಿಡಿದವರ ಗುಂಪು. ಅದನ್ನು ದಾಟಿ ಹಿತ್ತಿಲಿಗೆ ಬಂದರೆ ಸಾಹೇಬರ ಹೆಂಡತಿ ಶಕುಂತಲಮ್ಮ ಹುಣಸೆಹಣ್ಣಿನ ರಾಶಿ ಹರವಿಕೊಂಡು, ಬೀಜ ಬಿಡಿಸುವವರು ಸಿಗದೆ ಕೂತಿದ್ದರು. ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಮುಯ್ಯಿ ಎಂದ ಕೂಡಲೇ ತಿಳಿದುಕೊಂಡರು. "ಬರ್ರೀ, ಕುಂದರ್ರಿ," ಎಂದು ಮಣೆ ಸರಿಸಿದರು. ಮಧ್ಯಾಹ್ನದ ತನಕ ಮೂವರೂ ಕೂತು ಬೀಜ ಬಿಡಿಸಿದರು, ಸಾಹೇಬರ ಸೊಂಟನೋವಿನ ಕಥೆ ಕೇಳಿ ನಕ್ಕರು. ಏಳುವಾಗ ಶಕುಂತಲಮ್ಮ, "ನಮ್ಮದು ತೀರಿತು ನೋಡ್ರಿ," ಎಂದರು.

"ನಿಮ್ದು ತೀರ್ತು. ಕೊಟ್ರೇಶಣ್ಣಂದು ಐತೆ. ಅವತ್ತು ಸಂಜೆ ತನಕ ಹಗ್ಗದ ತುದಿ ಹಿಡಿದಾರೆ."

ಅಂಗಳದಲ್ಲಿ ಅರ್ಜಿ ಈಸಿಕೊಳ್ಳುತ್ತಿದ್ದ ಕೊಟ್ರೇಶನ ಮುಂದೆ ಹೋಗಿ ನಿಂತಳು. "ನಿಮ್ಮನೇಲಿ ಎಂತ ಕೆಲಸ ಐತೆ?"

"ನಮ್ದು ಬಾಡಿಗೆ ಮನಿ ಮೇಂಬರಮ್ಮ. ಏನೂ ಕೆಲಸಿಲ್ಲ. ಬಿಟ್ಟು ಬಿಡ್ರಿ."

"ಬಿಡಕ್ಕೆ ಬರಲ್ಲ."

"ಅಯ್ಯ, ನನ್ನ ಕಡೆಯಿಂದ ಮಾಫಿ ಅನ್ರಿ!"

"ಮುಯ್ಯಿಗೆ ಮಾಫಿ ಇಲ್ಲ. ಮದುವೆ ಗಿದುವೆ ಇದ್ರೆ ಹೇಳಿ, ಪಾತ್ರೆ ತಿಕ್ಕಾಕೆ ಬರ್ತೀನಿ."

ಮುಂದೆ ಜಿಲ್ಲಾ ಪಂಚಾಯ್ತಿ ಚುನಾವಣೆಯ ಮಾತು ಎದ್ದಿತು. ಕೊಟ್ರೇಶನ ಜೀಪು ಮತ್ತೆ ಆ ಕಡೆ ಓಡಾಡತೊಡಗಿತು. ಹೊಳೆಯಾಚೆಯ ಹಳ್ಳಿಗಳಿಗೆ ಹೋಗಬೇಕಾದರೆ ಕೆಳಗಿನಕೊಪ್ಪದ ಮೇಲೆಯೇ ನೇರ ದಾರಿ. ಅವನು ಮಾತ್ರ ಕುಪ್ಪಗಡ್ಡೆಯಲ್ಲೇ ತಿರುಗಿಸಿಕೊಂಡು, ಗುಂಡಿ ಬಿದ್ದ ಸುತ್ತುದಾರಿಯಲ್ಲಿ ಹೋಗುತ್ತಾನೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡಮ್ಮ ಅವನನ್ನು ದೂರದಿಂದ ಕಂಡು, "ಕೊಟ್ರೇಶಣ್ಣಾ, ಮದುವೆ ಗೊತ್ತಾತಾ?" ಎಂದು ಕೂಗಿದಳು. ಜನರೆಲ್ಲ ತಿರುಗಿ ನೋಡಿದರು. ಅವನು ಜೀಪು ಹತ್ತಿ ಗಾಜು ಏರಿಸಿಕೊಂಡ. ಅವನ ಬಾಕಿ ಇನ್ನೂ ಗುಡ್ಡಮ್ಮನ ತಲೆಯ ಮೇಲೇ ಇದೆ.