ಕೊನೆಯ ಎಂಟು ಪುಟ

ಜಗದಾಂಬಾ ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾಳೆ. ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅವಳ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಸಂಭಾವಿತಳ ಹಾಗೆ ಕತೆ ಹೇಳುವುದು ನನ್ನ ಕೈಲಾಗದ ಮಾತು.

ಅರವತ್ತಮೂರನೇ ಇಸವಿಯ ನಾಗರಪಂಚಮಿ. ಶಿವಮೊಗ್ಗದ ಕೋಟೆಯಲ್ಲಿ ನಮ್ಮ ಅತ್ತೆ ವೀರಮ್ಮನವರ ಮನೆ. ಹಬ್ಬಕ್ಕೆಂದು ಇಬ್ಬರು ಸೊಸೆಯರೂ ಹೋಗಿದ್ದೆವು. ನೆಂಟರ ಹೆಂಗಸರೆಲ್ಲ ತಂಬಿಟ್ಟು ಕಟ್ಟುತ್ತಾ ಕೂತಿದ್ದರು. ನಾನು ಹಿಂದಿನ ವಾರ ರೇಡಿಯೋದಲ್ಲಿ ಕೇಳಿದ್ದ ನಾಟಕವೊಂದನ್ನು ಅಭಿನಯ ಮಾಡಿ ಹೇಳುತ್ತಿದ್ದೆ. ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಜಗದಾಂಬಾಳಿಗೆ ಅದೇ ತಡೆಯಲಾಗಲಿಲ್ಲ.

"ದಾಕ್ಷಾಯಣಿ ಬಾಯಲ್ಲಿ ಬರೋದೆಲ್ಲ ರೇಡಿಯೋ ಮಾತು," ಅಂದಳು. "ಸ್ವಂತ ಒಂದು ಪುಸ್ತಕ ಓದಿದ್ದಾಳಾ ಕೇಳಿ. ಅವಳ ಕೈಗೆ ಪುಸ್ತಕ ಕೊಟ್ರೆ ಒಲೆ ಹಚ್ಚೋಕೆ ಇಟ್ಕೊಳ್ತಾಳೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಗೆ ತಮ್ಮ ಹೆಸರು ಬರೆಯಲೂ ಬಾರದು, ಅವರೂ ನಕ್ಕರು. ನಾನು ಏಳನೇ ಕ್ಲಾಸು ಪಾಸು ಮಾಡಿದವಳು.

"ಗೌರಿ ಹಬ್ಬದೊಳಗೆ ಹನ್ನೆರಡು ಪುಸ್ತಕ ಓದಿ ತೋರಿಸ್ತೀನಿ. ಅಲ್ಲೀತನಕ ರೇಡಿಯೋ ಮುಟ್ಟೋದಿಲ್ಲ," ಅಂದೆ.

"ಓದಿದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ."

"ಹನ್ನೆರಡರಲ್ಲಿ ಯಾವುದನ್ನ ಬೇಕಾದ್ರೂ ಕೇಳಕ್ಕ. ಕತೆ ಕೊನೆಗೆ ಏನಾಯ್ತು ಅಂತ ಎಲ್ಲರ ಮುಂದೆ ಹೇಳ್ತೀನಿ."

"ಹೇಳೋಕೆ ಬರದಿದ್ರೆ?"

"ರೇಡಿಯೋ ನಿನ್ನ ಮನೆಗೆ."

ಹಾಳು ನಾಲಿಗೆ! ಆ ರೇಡಿಯೋ ನನ್ನ ಅಣ್ಣ ಮುರುಗೇಶಪ್ಪ ಕೊಟ್ಟದ್ದು. ತಾನೇ ಎದೆಗವಚಿಕೊಂಡು ರೈಲಿನಲ್ಲಿ ತಂದು, ತಾನೇ ಹೆಂಚಿನ ಮೇಲೆ ಹತ್ತಿ ಏರಿಯಲ್ ತಂತಿ ಕಟ್ಟಿಹೋಗಿದ್ದ. ಅದೇ ವರ್ಷ ತೀರಿಕೊಂಡ. ತವರಿನಿಂದ ನನಗೆ ಉಳಿದಿರುವುದು ಅದೊಂದೇ. ಜಗದಾಂಬಾಳಿಗೆ ಇದು ಚೆನ್ನಾಗಿ ಗೊತ್ತು. "ಆಗ್ಲಿ, ಅತ್ತೆ ಸಾಕ್ಷಿ," ಅಂತ ತಕ್ಷಣ ಒಪ್ಪಿಕೊಂಡಳು.

ಊರಿಗೆ ಬಂದವಳೇ ರೇಡಿಯೋಗೆ ಬೆಡ್‌ಶೀಟು ಹೊದಿಸಿದೆ. ನನ್ನ ಗಂಡ ಷಣ್ಮುಖಪ್ಪ ಕಾರ್ಖಾನೆಯಿಂದ ಬಂದು ನೋಡಿ, "ನಿಮ್ಮಿಬ್ಬರ ಜಗಳಕ್ಕೆ ನನ್ನ ವಾರ್ತೆ ಯಾಕೆ ನಿಲ್ಲಿಸ್ತೀಯ ಮಾರಾಯ್ತಿ?" ಅಂತ ಗೊಣಗಿದರು. ವಾರ್ತೆ ಕೇಳಲು ಹೋಟೆಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಹೋಗಲಿ ಬಿಡಿ, ಕಾಫಿಯೂ ಅಲ್ಲೇ ಆಗುತ್ತಿತ್ತು.

ಪುಸ್ತಕ ಬಾಡಿಗೆಗೆ ಕೊಡುತ್ತಿದ್ದವರು ನಸರುಲ್ಲಾ ಸಾಹೇಬರು. ಮುಂದೆ ಸೈಕಲ್ ರಿಪೇರಿ, ಹಿಂದೆ ಎರಡು ಕಪಾಟು ಕಾದಂಬರಿ. ಹಾಳೆ ಹರಿದುಕೊಳ್ಳುವವರ ಕಾಟ ತಡೆಯಲಾರದೆ, ವಾಪಸು ಬಂದ ಪ್ರತಿ ಪುಸ್ತಕದ ಹಾಳೆಯನ್ನೂ ಗಿರಾಕಿಯ ಎದುರಿಗೇ ಎಣಿಸುತ್ತಿದ್ದರು. ಗ್ರೀಸು ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದಾಗಿ. ನಾನು ಕಾಯುತ್ತಾ ನಿಂತಿರಬೇಕಿತ್ತು.

ಮೊದಲನೇ ಪುಸ್ತಕಕ್ಕೆ ಆರು ದಿನ ಹಿಡಿಯಿತು. ಸಂಜೆಯಾದರೆ ಕೈ ತಾನಾಗಿ ರೇಡಿಯೋ ತಿರುಗುಣಿಯ ಕಡೆ ಹೋಗುತ್ತಿತ್ತು. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಎರಡನೆಯದು ಮೂರು ದಿನ. ನಾಲ್ಕನೆಯದರಲ್ಲಿ ಅನ್ನ ಸೀದುಹೋಯಿತು. ಆರನೆಯದನ್ನು ಓದುತ್ತಾ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ. ಪಕ್ಕದ ಮನೆಯ ಸುಭದ್ರಮ್ಮ ಯಾರೋ ಸತ್ತರೆಂದು ಓಡಿಬಂದಳು. ಆಮೇಲಾಮೇಲೆ ಪಣವೂ ನೆನಪಿರಲಿಲ್ಲ, ರೇಡಿಯೋವೂ ನೆನಪಿರಲಿಲ್ಲ. ಇಷ್ಟು ವರ್ಷ ಇದನ್ನೆಲ್ಲ ಬಿಟ್ಟು ಕೂತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಅವಳಿಂದಾಗಿ ನನಗೆ ಇಂಥದ್ದೊಂದು ಒಳ್ಳೆಯದಾಯಿತೆಂಬುದಕ್ಕೆ ಇನ್ನೂ ಹೆಚ್ಚು ಉರಿಯಿತು.

ಹಬ್ಬಕ್ಕೆ ಮೂರು ದಿನ ಇರುವಾಗ ಹನ್ನೆರಡನೆಯದು ಕೈಗೆ ಬಂತು. ಹೊಸ ಪುಸ್ತಕ, ನೀಲಿ ರಟ್ಟು. ಸರಸ್ವತಿ ಎಂಬ ವಿಧವೆಯ ಕತೆ. ವಾರಗಿತ್ತಿಯ ಕಾಟ ತಾಳಲಾರದೆ ಟ್ರಂಕು ಹಿಡಿದು ಮನೆ ಬಿಟ್ಟು ಬರುತ್ತಾಳೆ. ಓದುತ್ತಾ ಓದುತ್ತಾ ಅವಳು ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದಾಳೇನೋ ಅನ್ನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬಸ್ಸು ಬಂತು. ಹಿಂದಿನಿಂದ ಅವಳ ಅತ್ತೆ "ಸರಸೂ, ಸರಸೂ" ಎಂದು ಕೂಗುತ್ತಾ ಓಡಿಬರುತ್ತಿದ್ದಾಳೆ. ಸರಸ್ವತಿ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟಳು. ಪುಟ ತಿರುಗಿಸಿದೆ. ರಟ್ಟು!

ನಾಲ್ಕು ಹಾಳೆ, ಎಂಟು ಪುಟ, ಬ್ಲೇಡಿನಿಂದ ನೀಟಾಗಿ ಕುಯ್ದಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಪುಸ್ತಕ ಹಿಡಿದು ಸಾಹೇಬರ ಅಂಗಡಿಗೆ ಓಡಿದೆ. ಅವರು ನೋಡಿ, "ತೋಬಾ ತೋಬಾ!" ಎಂದು ಹಣೆ ಹಿಡಿದುಕೊಂಡರು.

"ನನಗಿಂತ ಮುಂಚೆ ಯಾರು ಓದಿದ್ರು?"

"ಒಬ್ಬರೇ ಅಮ್ಮ. ಟೀಚರಮ್ಮ. ವಾಪಸು ಕೊಡೋವಾಗ ಅವರೇ ಹೇಳಿದ್ರು, ಚೆನ್ನಾಗಿದೆ, ದಾಕ್ಷಾಯಣಮ್ಮನಿಗೆ ಎತ್ತಿಡಿ ಅಂತ."

"ಹಾಳೆ ಎಣಿಸಲಿಲ್ವಾ?"

"ನಿಮ್ಮೆಲ್ಲರದ್ದೂ ಎಣಿಸ್ತೀನಿ. ಟೀಚರಮ್ಮನ ಎದುರಿಗೆ ಎಣಿಸಿದ್ರೆ ಅವರಿಗೆ ಬೇಇಜ್ಜತಿ ಅಲ್ವಾ ಅಮ್ಮ?"

ನನಗೆ ಇಜ್ಜತ್ತು, ಮರ್ಯಾದೆ ಇರಲಿಲ್ಲ ಅನ್ನಿ. ಅವರಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಅತ್ತೆಯ ಹತ್ತಿರ ದೂರು ಹೇಳೋಣವೆಂದರೆ, ಓದಿದ ಸೊಸೆ ಪುಸ್ತಕ ಕುಯ್ದಳೆಂದು ಯಾರು ನಂಬುತ್ತಾರೆ? ಓದಲಾರದೆ ನಾನೇ ಹರಿದೆ ಅನ್ನುತ್ತಾರೆ.

ಗೌರಿ ಹಬ್ಬದ ದಿನ ರೇಡಿಯೋವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಅಮುಕಿ ಹಿಡಿದೆ. ದಾರಿಯುದ್ದಕ್ಕೂ ಸರಸ್ವತಿಯದೇ ಯೋಚನೆ.

ಊಟವಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಕೂತರು. ಹನ್ನೆರಡು ಪುಸ್ತಕದ ಹೆಸರು ಬರೆದ ಚೀಟಿ ಕೊಟ್ಟೆ. ಜಗದಾಂಬಾ ಓದುವ ನಾಟಕ ಮಾಡಿ, ಕೊನೆಯ ಹೆಸರಿನ ಮೇಲೆ ಬೆರಳಿಟ್ಟಳು. "ನೀಲಿ ರಟ್ಟಿನದು. ಸರಸ್ವತಿ ಕತೆ ಕೊನೆಗೆ ಏನಾಯ್ತು?"

ಪುಸ್ತಕ ಮಡಿಲಲ್ಲಿಟ್ಟುಕೊಂಡು ಮೊದಲಿನಿಂದ ಹೇಳಿದೆ. ಬಸ್ಸಿನ ಮೆಟ್ಟಿಲವರೆಗೆ ಬರೆದವರು ಹೇಳಿದ ಹಾಗೆ, ಅಲ್ಲಿಂದಾಚೆಗೆ ನನಗೆ ತೋಚಿದ ಹಾಗೆ.

"ಅತ್ತೆ ಬಂದು ಟ್ರಂಕು ಕಿತ್ಕೊಂಡ್ಲು. 'ನನ್ನ ಮಗನೂ ಹೋದ, ನೀನೂ ಹೋದ್ರೆ ನಾನು ಯಾರನ್ನ ಬೈಯ್ಲಿ?' ಅಂದ್ಲು. ಸರಸ್ವತಿ ಕಾಲು ಕೆಳಗಿಟ್ಲು. ಇಬ್ರೂ ಮನೆಗೆ ಬಂದ್ರು. ಆ ವಾರಗಿತ್ತಿ ಇದ್ದಾಳಲ್ಲ, ಅವಳು ಎಲ್ಲರ ಮುಂದೆ ತಲೆ ತಗ್ಗಿಸಿ ಮೂಲೆ ಹಿಡಿದ್ಲು."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಎಷ್ಟು ಚೆನ್ನಾಗಿ ಬರೆದಿದ್ದಾರೆ ಪುಣ್ಯಾತ್ಮರು. ರೇಡಿಯೋ ದಾಕ್ಷಾಯಣಿದೇ."

"ಸುಳ್ಳು!" ಜಗದಾಂಬಾ ಎದ್ದು ನಿಂತಳು. "ಕಟ್ಟಿ ಹೇಳ್ತಿದ್ದಾಳೆ ಅತ್ತೆ! ಆ ಥರ ಇಲ್ಲವೇ ಇಲ್ಲ!"

"ನಿನಗೆ ಹೊಟ್ಟೆಕಿಚ್ಚು ಕಣೇ. ಕೂತ್ಕೋ."

ಅವಳಿಗೆ ಸಹಿಸಲಾಗಲಿಲ್ಲ. ಕ್ಲಾಸಿನಲ್ಲಿ ಮಕ್ಕಳ ತಪ್ಪು ಹಿಡಿಯುವ ಚಟ. ದಡದಡನೆ ಹೋಗಿ ತನ್ನ ಬ್ಯಾಗಿನಿಂದ ಮಡಿಸಿದ ಹಾಳೆಗಳನ್ನು ತಂದು ಅತ್ತೆಯ ಮುಖಕ್ಕೆ ಹಿಡಿದಳು. "ನೋಡಿ, ಇಲ್ಲಿ ಅಚ್ಚಾಗಿದೆ! ಓದ್ಲಾ?"

ಅತ್ತೆ ಹಾಳೆ ನೋಡಿದರು, ನನ್ನ ಮಡಿಲು ನೋಡಿದರು.

"ಪುಸ್ತಕ ಅವಳ ಹತ್ರ ಇದೆ," ಅಂದರು. "ಹಾಳೆ ನಿನ್ನ ಬ್ಯಾಗಿಗೆ ಹೆಂಗೆ ಬಂತೇ ತಾಯಿ?"

ಜಗದಾಂಬಾಳ ಮುಖ ಕಪ್ಪಿಟ್ಟಿತು. ಅವಳ ಗಂಡ ಕೊಟ್ರಬಸಪ್ಪನವರು ಎದ್ದು ಹೊರಗೆ ಹೋದರು. ಯಾರೋ ಕಿಸಕ್ಕೆಂದರು. ಅವಳು ಸರಕ್ಕನೆ ತಿರುಗಿ ಅಡುಗೆಮನೆಗೆ ನಡೆದಳು. ನನಗೆ ಥಟ್ಟನೆ ಹೊಳೆಯಿತು. ಎದ್ದು ಬಿದ್ದು ಓಡಿದೆ. ಅಷ್ಟರಲ್ಲಿ ಆ ಹಾಳೆಗಳನ್ನು ಒಲೆಗೆ ತುರುಕಿಯಾಗಿತ್ತು. ಕೈ ಹಾಕಿದೆ, ಬೆರಳು ಸುಟ್ಟಿತು. ಸಿಕ್ಕಿದ್ದು ಬೂದಿ.

ಗೆದ್ದಿದ್ದೆ. ಅವಳನ್ನು ಹತ್ತು ಜನರ ಮುಂದೆ ಆಡಿಕೊಳ್ಳಬಹುದಿತ್ತು. ಪುಸ್ತಕವನ್ನು ಒಲೆಗಿಟ್ಟವಳು ಯಾರೆಂದು ಕೂಗಿ ಕೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಸರಸ್ವತಿ ಬಸ್ಸು ಹತ್ತಿದ್ಲಾ? ಅಷ್ಟು ಹೇಳಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಒಲೆಯ ಮುಂದೆ ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

"ರೇಡಿಯೋದಲ್ಲಿ ಹೇಳ್ತಾರೆ," ಅಂದಳು. "ಕೇಳು."

ಮರುದಿನ ರೇಡಿಯೋ ತೊಡೆಯ ಮೇಲೆ ಹೋದ ಹಾಗೆಯೇ ವಾಪಸು ಬಂತು. ಷಣ್ಮುಖಪ್ಪ ಖುಷಿಯಿಂದ ತಂತಿ ಸಿಕ್ಕಿಸಿ ಹಚ್ಚಿದರು. ಯಾರೋ ಹಾಡುತ್ತಿದ್ದರು. ಸ್ವಲ್ಪ ಹೊತ್ತು ಕೂತು ಕೇಳಿದೆ. ಆಮೇಲೆ ಎದ್ದು ಆರಿಸಿ, ನೀಲಿ ಪುಸ್ತಕದ ಕೊನೆಯ ಪುಟವನ್ನು ಮತ್ತೆ ತೆಗೆದೆ.

ಸರಸ್ವತಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೇ ಇದೆ. ಅವಳು ಹೋದಳೋ ಉಳಿದಳೋ, ನಾಲ್ಕು ಮನೆ ಆಚೆ ಇರುವ ಆ ಹೆಂಗಸಿಗೆ ಗೊತ್ತಿದೆ.