ಸರಕಾರದ ತೋಳ

"ನಾಳಿ ಮುಂಜಾನಿ ಲಗೂನ ಗೇಟಿಗೆ ಬಂದ್ಬಿಡ್ರಿ. ಬಾದಾಮಿಯಿಂದ ಮೊದಲ್ನೇ ಬಸ್ ಹಿಡದ್ರ ಆತು. ಕೆಂಪು, ಹಳದಿ ಅರಿವಿ ಹಾಕ್ಕೋಬ್ಯಾಡ್ರಿ. ಕುಡ್ಯಾಕ ನೀರು ನೀವ ತರ್ರಿ, ಒಳಗ ಸಿಗಂಗಿಲ್ಲ."

ಲಲಿತಾ ಫೋನನ್ನು ಭುಜಕ್ಕೆ ಒತ್ತಿಕೊಂಡು ಮೇಜಿನ ಧೂಳು ಒರೆಸುತ್ತಿದ್ದಳು. ಗುಡ್ಡದ ಹಿಂದಿನ ಈ ಕುರುಚಲು ಕಾಡಿಗೆ ಬೇಲಿ ಬಿದ್ದು, ವನ್ಯಧಾಮವೆಂದು ಫಲಕ ಎದ್ದ ಮೇಲೆ ಗೇಟಿನ ಮಾಹಿತಿ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಗಂಡ ನಿಂಗರಾಜ ಬಂದವರನ್ನು ಒಳಗೆ ಸುತ್ತಾಡಿಸಿ ತೋರಿಸುತ್ತಿದ್ದ. ಫೋನಿನಲ್ಲಿದ್ದ ಬಾಗಲಕೋಟೆಯ ಹೆಂಗಸು ಕೇಳಿದ್ದನ್ನೇ ಕೇಳುತ್ತಿದ್ದಳು.

"ತೋಳ ಖರೇನ ಕಾಣ್ತಾವೇನ್ರಿ? ಹುಡುಗ್ರು ಆಸೆ ಇಟ್ಕೊಂಡು ಬರ್ತಾವು."

"ಹೊಂಡದ ಹತ್ರ ಒಂದು ಹೆಣ್ಣು ಕಾಣ್ತೇತ್ರಿ. ಮರಿ ಹಾಕೇತಿ. ದಿನಾ ಹೊತ್ತು ಏರೂದ್ರಾಗ ನೀರಿಗೆ ಬರ್ತೇತಿ."

ಅಷ್ಟರಲ್ಲಿ ಕಿಟಕಿಯಾಚೆ ಅತ್ತೆ ಹುಚ್ಚವ್ವ ಬಂದು ನಿಂತಳು. ಈ ಕಡೆ ಒಮ್ಮೆಯೂ ಹಾಯ್ದವಳಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಫೋನ್ ಇಡ" ಅಂದಳು. "ನಿಮ್ಮ ಮಾವ ಸತ್ತ ಕುರಿಗೆ ಹತ್ತಿಗೆ ಹೊಡ್ಯೂ ವಿಷದ ಔಷಧ ಸುರದು ಹೊಂಡದ ಕಡೆ ಹೊತಗೊಂಡ ಹೋಗ್ಯಾನ. ಡಬ್ಬಿ ಖಾಲಿ ಬಿದ್ದೇತಿ ನೋಡು ಹಟ್ಟ್ಯಾಗ."

ಲಲಿತಾಳ ಕೈ ಮೇಜಿನ ಮೇಲಿದ್ದ ವಾಕಿಟಾಕಿಯತ್ತ ಹೋಯಿತು. ಹೊಂಡದ ದಂಡೆಯ ಅಟ್ಟಣಿಗೆಯ ಮೇಲೆ ಕಾವಲುಗಾರ ಮುರ್ತುಜಸಾಬ ಕೂತಿರುತ್ತಿದ್ದ. ಒಂದು ಮಾತು ಹೇಳಿದರೆ ಸಾಕಿತ್ತು. ಹುಚ್ಚವ್ವ ಕಿಟಕಿಯೊಳಗೆ ಕೈ ತೂರಿಸಿ ಸೊಸೆಯ ಮಣಿಕಟ್ಟು ಹಿಡಿದಳು.

"ಅದ್ರಾಗ ಹೇಳಿದ್ರ ಎಲ್ಲಾರಿಗೂ ಕೇಳಸ್ತೇತಿ. ಮುದುಕನ್ನ ಜೇಲಿಗೆ ಹಾಕ್ತಾರ. ನಾವ ಹೋಗಿ ತಗದು ಎಲ್ಲೆರ ಹುಗದ್ಬಿಡೂಣು. ನಡಿಯವ್ವ."

ಲಲಿತಾ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ವಾಕಿಟಾಕಿಯನ್ನು ಅಲ್ಲೇ ಬಿಟ್ಟು ಹೊರಬಿದ್ದಳು.

ಜಾಲಿಕಂಟಿಗಳ ನಡುವೆ ಓಡುವಾಗ ಮಾವ ಹುಲ್ಲಪ್ಪನ ಹಳೆಯ ಮಾತುಗಳು ಅವಳ ಕಿವಿಯಲ್ಲಿದ್ದವು. ಅವನ ಹಿರಿಯರೆಲ್ಲ ಇದೇ ಅಡವಿಯಲ್ಲಿ ಕುರಿ ಮೇಯಿಸಿದವರು. ತೋಳ ಒಂದು ಮರಿ ಒಯ್ದರೆ "ಬೀರಪ್ಪ ಅದಕ್ಕೂ ಹೊಟ್ಟಿ ಕೊಟ್ಟಾನ, ತಿನ್ಲಿ" ಅನ್ನುತ್ತಿದ್ದ. ಕಲ್ಲು ಎತ್ತಿದ ಹುಡುಗರನ್ನು ಬೈಯುತ್ತಿದ್ದ. ಬೇಲಿ ಬಂದ ಮೇಲೆ ಹಳ್ಳಕ್ಕೆ ಹೋಗುವ ಕುರಿಯ ದಾರಿ ಮುಚ್ಚಿತು. ಬೇಲಿ ದಾಟಿಸಿದ್ದಕ್ಕೆ ಒಮ್ಮೆ ಕಾವಲಿನವರು ಅವನನ್ನು ಬಿಸಿಲಲ್ಲಿ ಕೂರಿಸಿದ್ದರು. ಅವತ್ತಿನಿಂದ ಮುದುಕ ತೋಳದ ಮಾತೇ ಆಡಿರಲಿಲ್ಲ. ನಿನ್ನೆ ಅದು ಬೇಲಿಯ ಕೆಳಗೆ ನುಸುಳಿ ಬಂದು ಗಬ್ಬದ ಕುರಿಯೊಂದನ್ನು ಸೀಳಿತ್ತು. ಸಂಜೆಯವರೆಗೂ ಅವನು ಅದರ ಪಕ್ಕದಲ್ಲಿ ನೊಣ ಹೊಡೆಯುತ್ತ ಕೂತಿದ್ದ.

ಅವರು ಹೊಂಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೊಡ್ಡ ಬಂಡೆಯ ಮರೆಯಲ್ಲಿ ಕುರಿಯ ಹೆಣ. ಅಲ್ಲಿಂದ ಸ್ವಲ್ಪ ದೂರ, ನೀರಿನ ಅಂಚಿಗೆ ಹೆಣ್ಣು ತೋಳ ಮಗ್ಗುಲಾಗಿ ಬಿದ್ದು ಕಾಲಿನಿಂದ ನೆಲ ಕೆದರುತ್ತಿತ್ತು. ಬಾಯಲ್ಲಿ ನೊರೆ. ಹಾಲು ತುಂಬಿದ ಮೊಲೆಗಳಿಗೆಲ್ಲ ಕೆಸರು ಮೆತ್ತಿತ್ತು. ಆಚೆ ದಂಡೆಗೆ ನಿಂಗರಾಜ ಪ್ರವಾಸಿಗರನ್ನು ಕರೆತಂದಿದ್ದ. ಫೋಟೋಕ್ಕೆಂದು ಫೋನು ಎತ್ತಿದವರು ಒಬ್ಬೊಬ್ಬರಾಗಿ ಕೆಳಗಿಳಿಸಿದರು. ಒಂದು ಮಗು ಅಳತೊಡಗಿತು.

ಮುರ್ತುಜಸಾಬ ಅಟ್ಟಣಿಗೆಯಿಂದ ಇಳಿದು ಓಡಿ ಬಂದ. "ದಿನದಂಗ ನೀರಿಗೆ ಬಂತಂತ ಸುಮ್ಮ ನೋಡಕೋತ ಕುಂತಿದ್ನೆವಾ. ಬಂಡಿಗಲ್ಲಿನ ಹಿಂದ ಏನೈತಿ ನನಗೇನ ಗೊತ್ತು? ಗೊತ್ತಿದ್ರ ಒಂದ ಕಲ್ಲು ಒಗದು ಓಡಸ್ತಿದ್ನಲ್ಲ!" ಅಂದ. ಲಲಿತಾ ನೆಲ ನೋಡುತ್ತ ನಿಂತಳು. ತೋಳದ ಕಾಲುಗಳು ನಿಂತುಹೋದವು.

ಪ್ರವಾಸಿಗರನ್ನು ಗೇಟಿಗೆ ಕಳಿಸಿಯಾಗಿತ್ತು. ಜೀಪಿನಲ್ಲಿ ಬಂದ ಅರಣ್ಯಾಧಿಕಾರಿ ವಿಜಯಮಹಾಂತೇಶ ನಿಂಗರಾಜನನ್ನು ಕರೆದ. "ನೀ ಕುರಿ ಸಾಕಿದ ಮನ್ಯಾಂವ. ಇದು ಯಾರದು ಹೇಳು."

ನಿಂಗರಾಜ ಕಡ್ಡಿಯಿಂದ ಹೆಣದ ಕಿವಿ ಎತ್ತಿದ. ಎಡಗಿವಿಯ ತುದಿಯಲ್ಲಿ ಎರಡು ಸೀಳು. ಒಂದೊಂದು ಹಟ್ಟಿಗೆ ಒಂದೊಂದು ಗುರುತು; ಈ ಗುರುತು ಹಾಕುವಾಗ ಮರಿಗಳ ಕಾಲು ಹಿಡಿದು ಕೂರುತ್ತಿದ್ದವನು ಅವನೇ. ತಲೆ ಎತ್ತಿ ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವರು ಇಲ್ಲಿಗೆ ಯಾಕೆ ಬಂದರೆಂದು ಆಗ ಹೊಳೆಯಿತು.

"ನಮ್ಮದ್ರಿ, ಸಾಹೇಬ್ರ" ಅಂದ.

ಹುಲ್ಲಪ್ಪ ಎಲ್ಲಿಗೂ ಓಡಿಹೋಗಿರಲಿಲ್ಲ. ಹಟ್ಟಿಯ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ.

"ಯಾಕ ಮಾಡಿದಿ ಮುತ್ಯಾ?" ವಿಜಯಮಹಾಂತೇಶ ಕೇಳಿದ.

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅದು ಅಡಿವೀದು ಇದ್ದಾಗ ತಿನ್ಲಿ ಅಂತ ಬಿಟ್ನಿ. ಈಗ ಅದಕ್ಕ ಬೇಲಿ ಐತಿ, ಕಾವಲ ಐತಿ, ಟಿಕೇಟ್ ಐತಿ. ಸರಕಾರದ ತೋಳ ಆತು. ಸರಕಾರದ್ದು ಅಂದಮ್ಯಾಲ ಸರಕಾರ ಉಣಸ್ಲಿ. ನನ್ನ ಕುರಿ ಯಾಕ?"

ವಿಜಯಮಹಾಂತೇಶ ಜೀಪಿನ ಬಾಗಿಲು ತೆಗೆದ. ಜೀಪು ಹತ್ತುವಾಗ ಮುದುಕ ಮಗನ ಕಡೆ ತಿರುಗಿದ. ನಿಂಗರಾಜ ಬೇರೆ ಕಡೆ ಮುಖ ಮಾಡಿದ್ದ.

ಜೀಪಿನ ಧೂಳು ಇಳಿದ ಮೇಲೆ ಲಲಿತಾ ಗಂಡನ ಹತ್ತಿರ ಹೋದಳು. "ನನಗ ಮೊದಲ ಗೊತ್ತಾಗಿತ್ರೀ. ವಾಕಿಟಾಕಿ ಕೈಯಾಗ ಇತ್ತು."

"ಮತ್ತ ಮುರ್ತುಜಣ್ಣಗ ಯಾಕ ಹೇಳ್ಲಿಲ್ಲ?"

"ಮಾವನ್ನ ಒಯ್ತಾರ ಅಂತ."

"ಒಯ್ದ್ರಲ್ಲ" ಅಂದ ನಿಂಗರಾಜ. ಬೈಯಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಹೋದ. ಹಟ್ಟಿಯೊಳಗೆ ಹುಚ್ಚವ್ವ ಖಾಲಿ ಡಬ್ಬಿಯನ್ನು ಕಲ್ಲಿನಿಂದ ಜಜ್ಜುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಇಳಿಹೊತ್ತಿಗೆ ಮುರ್ತುಜಸಾಬ ಲಲಿತಾಳನ್ನು ಹುಡುಕಿಕೊಂಡು ಬಂದ. ಬಂಡೆಯ ಪೊಟರೆಯೊಳಗೆ ತೋಳದ ಮರಿಗಳು ಒದರುತ್ತಿವೆ, ಮಾಂಸ ಇಟ್ಟರೂ ಹೊರಬರುತ್ತಿಲ್ಲ, ಮರಿ ಹುಟ್ಟಿದಾಗಿನಿಂದ ಗಂಡು ತೋಳ ಕಂಡಿಲ್ಲ ಅಂದ. "ನಮ್ಮ ಖಾಕಿ ಅರಿವಿ ವಾಸನಿಗೆ ಹೆದರ್ತಾವು. ನೀ ಒಂದೀಟು ಬಂದು ಕೂಡವಾ. ನಿನ್ನ ಸೀರ್ಯಾಗ ಕುರಿ ವಾಸನಿ ಐತಿ. ಕುರಿ ತಿಂದು ಬಂದಾಗ ಅವುಗಳ ಅವ್ವ ಅದ ವಾಸನಿ ತರ್ತಿತ್ತು."

ಲಲಿತಾ ಪೊಟರೆಯ ಮುಂದೆ ಕಾಲು ಮಡಿಚಿ ಕೂತಳು. ಮುರ್ತುಜಸಾಬ ದೂರ ಸರಿದು ನಿಂತ. ಕಲ್ಲುಗಳ ಕಾವು ಇಳಿಯುತ್ತ ಬಂತು. ಒಳಗಿನ ಒದರಾಟ ನಿಂತಿತು. ಆಮೇಲೆ ಕತ್ತಲಿನಿಂದ ಒಂದು ಸಣ್ಣ ಮೂತಿ ಹೊರಬಂತು, ಗಾಳಿಯನ್ನು ಮೂಸಿತು. ಮರಿ ತಡವರಿಸುತ್ತ ಅವಳ ಹತ್ತಿರ ಬಂದು, ಸೀರೆಯ ಅಂಚನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು.