ಕಿಟಕಿಗೆ ಕಟ್ಟುವ ಕೆಂಪು

ಪಂಚಾಯಿತಿಯ ಮೈಕು ಮೊದಲು ಕೆಮ್ಮಿತು. ಹಾಗಾದರೆ ಓದುತ್ತಿರುವುದು ಕಾರ್ಯದರ್ಶಿಯೇ. ಬೆಚ್ಚಗಿರಿ ಎಂದು ಊರಿಗೆಲ್ಲ ಉಪದೇಶ ಮಾಡುವ ಈ ಮನುಷ್ಯನಿಗೆ ಮೊದಲ ಹಿಮ ಬೀಳುವ ಮುಂಚೆಯೇ ನೆಗಡಿ ಹಿಡಿಯುತ್ತದೆ, ಬೇಸಿಗೆ ಬಂದರೂ ಬಿಡುವುದಿಲ್ಲ.

"ಗ್ರಾಮಸ್ಥರ ಗಮನಕ್ಕೆ. ಇವತ್ತು ಮಧ್ಯಾಹ್ನದಿಂದ ಗುಡ್ಡದ ರಸ್ತೆ ಬಂದ್. ಪಟ್ಟಣಕ್ಕೆ ಕೊನೇ ವ್ಯಾನು ಹನ್ನೆರಡಕ್ಕೆ ಹೊರಡುತ್ತೆ, ಆಮೇಲೆ ಹಿಮ ಕರಗಿದ ಮೇಲೇನೇ. ನಲ್ಲಿ ಒಡೀದ ಹಾಗೆ ರಾತ್ರಿ ಸಣ್ಣಗೆ ನೀರು ಬಿಟ್ಟಿರಿ. ಬಾಗಿಲು ಕಿಟಕಿ ಪೂರ್ತಿ ಮುಚ್ಕೊಂಡು ಕೆಂಡದ ಅಗ್ಗಿಷ್ಟಿಕೆ ಪಕ್ಕ ಮಲಗಬೇಡಿ. ಮೇಲಿನ ಓಣಿಯವರು ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಗೆ ಕೆಂಪು ಬಟ್ಟೆ ಕಟ್ಟೋದು ಮರೀಬೇಡಿ. ಬಟ್ಟೆ ಕಾಣದಿದ್ರೆ ನಮ್ಮವರು ಸ್ಟ್ರೆಚರ್ ತಗೊಂಡು ಬರ್ತಾರೆ. ಕಾಯಿಲೆಯವರನ್ನೂ ಅವರ ಜೊತೆ ಒಬ್ಬರನ್ನೂ ವ್ಯಾನಲ್ಲಿ ಪಟ್ಟಣದ ಆಸ್ಪತ್ರೆಗೆ ಕಳಿಸ್ತೀವಿ." ಮತ್ತೆ ಕೆಮ್ಮು, ಮತ್ತೆ ಅದೇ ಪಾಠ.

ಮೇಲಿನ ಓಣಿಯ ಕೊನೆಯ ಮನೆಯ ಅಡುಗೆಮನೆಯಲ್ಲಿ ಸೊಸೆ ಕೆಂಪು ಸ್ಕರ್ಟೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಮಗಳಿಗೆ ಗಿಡ್ಡವಾದ ಶಾಲೆಯ ಸ್ಕರ್ಟು ಅದು. ಚಳಿ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಅತ್ತೆಯ ಕೋಣೆಯ ಕಿಟಕಿಯಾಚೆ ಮೊಳೆಗೆ ಅದನ್ನು ಸಿಕ್ಕಿಸುವುದು ಅವಳ ಕೆಲಸ. ಕೆಳಗೆ ಪಂಚಾಯಿತಿಯ ಜಗಲಿಯಿಂದ ಯಾರೋ ಕಣ್ಣಾಡಿಸಿ, ಮೇಲಿನವರು ಬದುಕಿದ್ದಾರೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಇವತ್ತು ಅವಳು ಸ್ಕರ್ಟನ್ನು ಮಡಚಿ ಸೌದೆಯ ಹಿಂದೆ ತುರುಕಿದಳು.

ಈ ಚಳಿಗಾಲ ಅವಳದ್ದಲ್ಲ. ಅತ್ತೆಯ ಕಾಲು ಬಿದ್ದುಹೋದಾಗ ಇಬ್ಬರು ಸೊಸೆಯರ ನಡುವೆ ಸರದಿಯ ಮಾತಾಗಿತ್ತು: ಒಂದು ಚಳಿಗಾಲ ಇವಳು, ಒಂದು ಚಳಿಗಾಲ ಪಟ್ಟಣದ ಓರಗಿತ್ತಿ. ಹೋದ ವರ್ಷವೂ ಇವಳೇ ಇದ್ದಳು, ಅದರ ಹಿಂದಿನ ವರ್ಷವೂ. ಈ ಸಲ ಬಂದೇ ಬರುತ್ತೇನೆ ಎಂದಿದ್ದ ಓರಗಿತ್ತಿ ನಿನ್ನೆ ಫೋನು ಮಾಡಿದ್ದಳು. "ಮಂಡಿ ನೋವು ಕಣೇ. ಆ ಚಳಿಗೆ ನಾನು ಬಂದ್ರೆ ನೀನು ಇಬ್ಬರನ್ನ ನೋಡ್ಕೋಬೇಕಾಗುತ್ತೆ." ಅದರಲ್ಲಿ ಸುಳ್ಳಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡನಿಗೆ ಹೇಳೋಣವೆಂದರೆ ಅವನು ಹಿಮ ತೆಗೆಯುವ ಯಂತ್ರದ ಜೊತೆ ಗುಡ್ಡದಾಚೆಯ ಕ್ಯಾಂಪಿನಲ್ಲಿದ್ದ. ಊರಿನ ರಸ್ತೆ ತೆರೆದಾಗಲೇ ಅವನಿಗೂ ಮನೆ.

ಮಗಳು ಪಟ್ಟಣದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ತಲೆಯಲ್ಲಿ ಹೇನಾಗಿದೆ ಎಂದು ಅಲ್ಲಿಯವರು ಹೋದ ಚಳಿಗಾಲದಲ್ಲಿ ಅವಳ ಕೂದಲು ಕತ್ತರಿಸಿಬಿಟ್ಟಿದ್ದರು. ಹುಡುಗಿ ಫೋನಿನಲ್ಲಿ ಅತ್ತಿರಲಿಲ್ಲ, ಅದನ್ನೇ ಇವಳಿಗೆ ತಡೆಯಲಾಗಿರಲಿಲ್ಲ. ಈ ಸಲ ನಾನು ಪಟ್ಟಣದ ದೊಡ್ಡಮ್ಮನ ಮನೆಯಲ್ಲಿರುತ್ತೇನೆ, ನೀನೂ ಅಲ್ಲೇ ಇರುವೆಯಂತೆ, ದಿನಾ ತಲೆ ಬಾಚುತ್ತೇನೆ ಎಂದು ಮಾತು ಕೊಟ್ಟಿದ್ದಳು. ಕೂದಲು ಹೆಗಲ ತನಕ ಬಂದಿದೆಯಮ್ಮ ಎಂದು ಅವಳು ಮೊನ್ನೆ ಹೇಳಿದ್ದಳು.

ಅತ್ತೆಯನ್ನೂ ಕರೆದುಕೊಂಡು ಹೋಗೋಣವೆಂದರೆ ಮುದುಕಿಯದು ಒಂದೇ ಮಾತು: "ನಾನು ಈ ಹೊಸಿಲು ದಾಟೋದು ನಾಲ್ಕು ಜನರ ಹೆಗಲ ಮೇಲೇನೇ." ಸ್ಟ್ರೆಚರಿಗೂ ನಾಲ್ಕು ಜನರೇ ಬೇಕಲ್ಲ ಎಂದು ಸೊಸೆಗೆ ಹೊಳೆದದ್ದು ನಿನ್ನೆ ಪಾತ್ರೆ ತೊಳೆಯುವಾಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೆಂಡದ ಹೊಗೆಗೆ ಅತ್ತೆಗೆ ಉಸಿರು ಕಟ್ಟಿತ್ತು, ಎದ್ದು ಬಟ್ಟೆ ಕಟ್ಟಲು ಕೈ ಬಿಡುವಿರಲಿಲ್ಲ ಎಂದರೆ ಮುಗಿಯಿತು. ಆಸ್ಪತ್ರೆಯವರು ಎರಡು ದಿನ ನೋಡಿ ಬಿಡುತ್ತಾರೆ. ಅಷ್ಟರಲ್ಲಿ ರಸ್ತೆ ಮುಚ್ಚಿರುತ್ತದೆ. ಮತ್ತೆ ಅತ್ತೆ ಓರಗಿತ್ತಿಯ ಮನೆ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಅವಳು ಗಂಜಿ ತೆಗೆದುಕೊಂಡು ಒಳಗೆ ಹೋದಾಗ ಅತ್ತೆ ಎದುರಿನ ಗೋಡೆ ನೋಡುತ್ತ ಮಲಗಿದ್ದಳು. ಒಂದೊಂದು ಚಮಚಕ್ಕೂ ಏನಾದರೊಂದು ಕೊಂಕು ತೆಗೆಯುವ ಬಾಯಿ ಇವತ್ತು ಸುಮ್ಮನೆ ತೆರೆಯಿತು, ಸುಮ್ಮನೆ ಮುಚ್ಚಿತು. ಕೊನೆಯ ಚಮಚದ ಹೊತ್ತಿಗೆ ಸೊಸೆ ಕಿಟಕಿಯತ್ತ ನೋಡಿದಳು, ಗಂಜಿ ರಗ್ಗಿನ ಮೇಲೆ ಚೆಲ್ಲಿತು. "ಪರವಾಗಿಲ್ಲ ಬಿಡು" ಎಂದಳು ಅತ್ತೆ.

ಹಿಮ ತುಳಿಯುವ ಸದ್ದು ಕೇಳಿದಾಗ ಸೊಸೆ ಬಾಗಿಲ ಹಿಂದೆ ಕಟ್ಟಿಟ್ಟಿದ್ದ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದಳು. ಮುಂದೆ ನಲ್ಲಿ ರಿಪೇರಿಯವನು, ಅವನ ಹಿಂದೆ ಸ್ಟ್ರೆಚರ್ ಹೊತ್ತ ಇಬ್ಬರು, ಎಲ್ಲರಿಗಿಂತ ಹಿಂದೆ ಕೆಮ್ಮುತ್ತ ಕಾರ್ಯದರ್ಶಿ. ಏರು ಹತ್ತಿ ನಾಲ್ವರಿಗೂ ಏದುಸಿರು.

"ಏನಾಯ್ತಮ್ಮ? ಬಟ್ಟೆ ಕಾಣ್ಲಿಲ್ಲ" ಎಂದ ನಲ್ಲಿ ರಿಪೇರಿಯವನು. ನಿಜವಾದ ಗಾಬರಿಯಿತ್ತು ಅವನ ಮುಖದಲ್ಲಿ. ಮುದುಕಿಗೆ ಹೊದಿಸಲು ಅವನು ತನ್ನ ಮನೆಯ ಕಂಬಳಿಯನ್ನೂ ತಂದಿದ್ದ. ಅದರಿಂದ ಕಣ್ಣು ತೆಗೆದು ಸೊಸೆ ಬಾಯಿಪಾಠ ಮಾಡಿಟ್ಟ ಮಾತನ್ನು ಶುರುಮಾಡಿದಳು.

"ಅತ್ತೆಗೆ..." ಎಂದಳು.

"ಅತ್ತೆಗೆ ಏನೂ ಆಗಿಲ್ಲ" ಎಂದಿತು ಒಳಗಿನಿಂದ ದನಿ. "ಒಳಗೆ ಬನ್ರಪ್ಪ. ಬಾಗಿಲು ಹಾಕ್ಕೊಳ್ಳಿ, ಚಳಿ ಬರುತ್ತೆ."

ಮುದುಕಿ ಎರಡು ಕೈಯೂರಿ, ಗೋಡೆಗೆ ಒರಗಿ ಕೂತಿದ್ದಳು. ಸೊಸೆಯ ಸಹಾಯವಿಲ್ಲದೆ ಅವಳು ಹಾಗೆ ಕೂತು ಎಷ್ಟೋ ತಿಂಗಳಾಗಿತ್ತು. "ನಾನೇ ಕಟ್ಟಬೇಡ ಅಂದೆ. ದಿನಾ ಮೈಕಲ್ಲಿ ಬರ್ತೀವಿ, ಬರ್ತೀವಿ ಅಂತೀರಲ್ಲ, ನಿಜವಾಗ್ಲೂ ಬರ್ತೀರಾ ಅಂತ ನೋಡ್ಬೇಕಿತ್ತು. ಇವಳದೇನೂ ತಪ್ಪಿಲ್ಲ."

ಕಾರ್ಯದರ್ಶಿಯ ಮುಖ ಕೆಂಪೇರಿತು. "ಇದೇನು ಆಟಾನಾ ಅಜ್ಜಿ? ಇವತ್ತು ರಸ್ತೆ ಮುಚ್ಚೋ ದಿನ, ನಮಗೆ ಕೈತುಂಬ ಕೆಲಸ. ನಾಳೆ ಬಟ್ಟೆ ಕಾಣದಿದ್ರೆ ನಿಮ್ಮ ಆಟಾನೇ ಅಂದ್ಕೊಂಡು ಸುಮ್ಮನಿರ್ತೀವಿ, ನೋಡಿ."

"ಹಾಗೇ ಮಾಡಿ" ಎಂದಳು ಅತ್ತೆ.

ಅವರು ಇಳಿದು ಹೋದರು. ಖಾಲಿ ಸ್ಟ್ರೆಚರಿನ ಮೇಲೆ ಕಂಬಳಿ ಮಡಚಿದ ಹಾಗೇ ಇತ್ತು. ಸೊಸೆ ಬಾಗಿಲ ಚಿಲಕ ಹಾಕಿ ಅಲ್ಲೇ ನಿಂತಳು. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು.

"ನಿಮಗೆ ಹೇಗೆ ಗೊತ್ತಾಯ್ತು?"

"ಸ್ಕರ್ಟು ಕಟ್ಟಿದ ದಿನ ಬಿಸಿಲು ಬಂದ್ರೆ ಈ ಗೋಡೆ ಕೆಂಪಾಗುತ್ತೆ. ಇವತ್ತು ಬಿಸಿಲಿದ್ರೂ ಆಗಿಲ್ಲ" ಎಂದಳು ಅತ್ತೆ. "ದಿನವಿಡೀ ನನಗೆ ನೋಡೋಕಿರೋದು ಅದೊಂದೇ." ಕೈ ಸೋತು ಅವಳು ನಿಧಾನವಾಗಿ ದಿಂಬಿನ ಮೇಲೆ ಜಾರಿದಳು. "ಆಸ್ಪತ್ರೆಗೆ ಹೋದ್ರೆ ನಾನು ವಾಪಸ್ ಬರಲ್ಲ ಕಣೇ. ಅದಕ್ಕೇ ಹಾಗೆ ಹೇಳಿದೆ. ನೀನು ಹೋಗು. ಬಾಗಿಲ ಹಿಂದೆ ಚೀಲ ತಳ್ಳಿದ್ದು ಕೇಳಿಸ್ತು, ತಗೊಂಡು ಹೋಗು. ವ್ಯಾನು ಇನ್ನೂ ಹೊರಟಿಲ್ಲ."

"ನಿಮಗೆ ನೀರು ಕೊಡೋರು ಯಾರು?"

"ಬಟ್ಟೆ ಕಾಣದಿದ್ರೆ ಬರ್ತಾರೆ. ಈಗ ನೋಡಿದ್ವಲ್ಲ."

ಕಾರ್ಯದರ್ಶಿ ಹೇಳಿ ಹೋದದ್ದನ್ನು ಇಬ್ಬರೂ ಕೇಳಿದ್ದರು.

ಸೊಸೆ ಬೂಟು ಹಾಕಿಕೊಂಡಳು. ಚೀಲ ಹೆಗಲಿಗೇರಿಸಿ ಅಂಗಳಕ್ಕೂ ಬಂದಳು. ನಾಲ್ವರ ಹೆಜ್ಜೆಗುರುತು ಹಿಮದಲ್ಲಿ ನೇರ ಪಂಚಾಯಿತಿಯ ತನಕ ಇಳಿದಿತ್ತು. ಅದರ ಮೇಲೇ ಕಾಲಿಟ್ಟುಕೊಂಡು ಹೋದರೆ ಸಾಕಿತ್ತು. ಕೆಳಗೆ ವ್ಯಾನಿನ ಮೇಲೆ ಗಂಟುಮೂಟೆ ಕಟ್ಟುತ್ತಿದ್ದರು. ಹಾರ್ನು ಒಮ್ಮೆ ಕೂಗಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೂಗಿತು. ವ್ಯಾನು ತಿರುವು ದಾಟಿ, ಸದ್ದು ಪೂರ್ತಿ ಅಡಗುವ ತನಕ ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಒಳಗೆ ಹೋಗಿ ಸೌದೆಯ ಹಿಂದಿನಿಂದ ಸ್ಕರ್ಟು ತೆಗೆದಳು. ಧೂಳು ಕೊಡವಿದಳು, ಅಂಟಿದ್ದ ಸಿಬಿರುಗಳನ್ನು ಒಂದೊಂದಾಗಿ ಆರಿಸಿದಳು. ಕಿಟಕಿಯಾಚೆ ನಿಂತು ಮೊಳೆಗೆ ಸಿಕ್ಕಿಸುವಾಗ ಸೊಂಟದ ಪಟ್ಟಿಯ ಒಳಗೆ ತಾನೇ ದಾರದಲ್ಲಿ ಹೊಲಿದಿದ್ದ ಮಗಳ ಹೆಸರು ಬೆರಳಿಗೆ ತಾಗಿತು.

ಗಾಜಿನಾಚೆ, ಕೋಣೆಯೊಳಗೆ, ಗೋಡೆ ಕೆಂಪಾಯಿತು. ಅತ್ತೆ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು.